ನಿಲ್ಲು ಅಂದವನು, ಬಾ ಅಂದವಳು

ಒಂದು ಬೇಸಿಗೆಯ ಕೊನೆಗೆ ಮಗಳು ರಸ್ತೆ ದಾಟುವಾಗ ಮೊದಲು ವಾಹನ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದಳು, ಆಮೇಲೆ ಅವರವ್ವನ ಮುಖ, ಮತ್ತೆ ನನ್ನ ಮುಖ. ಎರಡೂ ಮುಖಗಳಲ್ಲಿ ಒಂದೇ ಮಾತಿದೆ ಎಂದು ಖಾತ್ರಿಯಾದ ಮೇಲೆ ಹೆಜ್ಜೆ ಎತ್ತುತ್ತಿದ್ದಳು. ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹಿರಿಯರು ಇದನ್ನು ಕಂಡು, "ಎಷ್ಟು ಶಾಣ್ಯಾ ಕೂಸರಿ ನಿಮ್ದು, ಅಪ್ಪ ಅವ್ವನ್ನ ಕೇಳದ ಹೆಜ್ಜಿ ಇಡಂಗಿಲ್ಲ" ಅಂದರು. ನಾನು ನಕ್ಕೆ. ಆ ನೋಟ ಯಾವತ್ತು, ಎಲ್ಲಿ ಹುಟ್ಟಿತು ಎಂಬುದು ನನಗೆ ಗೊತ್ತು. ಅವತ್ತು ನಾನು ಅಲ್ಲೇ, ನದಿ ದಂಡೆಯ ಮೇಲೆ ನಿಂತಿದ್ದೆ.

ನಾನು ಮುಂಡಗೋಡ ಕಡೆಯವನು. ಮನೆಯ ಹಿಂದೆ ಗದ್ದೆ, ಗದ್ದೆಯಾಚೆ ಕೆರೆ. ಕೆರೆಯ ನೀರು ಎಲ್ಲಿಗೂ ಹೋಗುವುದಿಲ್ಲ, ಎಲ್ಲಿಂದಲೂ ಒಮ್ಮೆಲೇ ಬರುವುದಿಲ್ಲ. ಬೇಸಿಗೆಯಲ್ಲಿ ಅದು ಹಿಂದೆ ಸರಿದು ಅಂಚಿನಲ್ಲಿ ಕರಿ ಮಣ್ಣು ಬಿಡುತ್ತದೆ. ಮೇಲೆ ಒಣಗಿ ಬಿರುಕು ಬಿಟ್ಟ ಪದರ, ಕೆಳಗೆ ತೊಡೆಮಟ್ಟ ಕೆಸರು. ಅದರಲ್ಲಿ ಸಿಕ್ಕ ಎಮ್ಮೆಕರು ಒದ್ದಾಡಿದಷ್ಟೂ ಕೆಳಗೆ ಇಳಿಯುವುದನ್ನು ಕಣ್ಣಾರೆ ಕಂಡು ಬೆಳೆದವರು ನಾವು. ಹಾಗಾಗಿ ನಮ್ಮೂರಲ್ಲಿ ಮಗುವಿಗೆ ಮಾತು ತಿಳಿಯುವಂತಾದ ಕೂಡಲೇ ಕಲಿಸುವ ಪಾಠ ಒಂದೇ: ಸಿಕ್ಕಿಬಿದ್ದರೆ ಒದ್ದಾಡಬೇಡ. ನಿಂತಲ್ಲೇ ನಿಲ್ಲು. ಒದರು. ದೊಡ್ಡವರು ಬರುತ್ತಾರೆ. ಸಂತೆಯಲ್ಲಿ ಕೈ ತಪ್ಪಿದರೂ ಇದೇ ಪಾಠ, ಹಿತ್ತಲಲ್ಲಿ ಹಾವು ಕಂಡರೂ ಇದೇ. ಧಾರವಾಡಕ್ಕೆ ಹೋಗಿ ಬಿ.ಎಸ್ಸಿ. ಮಾಡಿ ಬಂದೆ, ಹಳಿಯಾಳದ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಮೈಯೊಳಗಿನ ಆ ಪಾಠ ಮಾತ್ರ ಅಲುಗಲಿಲ್ಲ.

ಹೆಂಡತಿ ದಾಂಡೇಲಿಯವಳು. ಅವಳಪ್ಪ ಮಿಲ್ಲಿನ ಕೆಲಸಕ್ಕೆಂದು ಬಂದು ಅಲ್ಲೇ ನೆಲೆ ನಿಂತವರು. ಅವಳು ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ, ಮೈದಾನದ ಈ ತುದಿಯಿಂದ ಆ ತುದಿಗೆ ಕೇಳುವ ದನಿ. ಕಾಳಿ ನದಿಯಲ್ಲಿ ಈಜುತ್ತ, ಬಟ್ಟೆ ಒಗೆಯುತ್ತ ಬೆಳೆದವಳು. ಕಾಳಿ ನಮ್ಮ ಕೆರೆಯ ಹಾಗಲ್ಲ. ಮೇಲೆ ಸೂಪಾದಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಕರೆಂಟು ಬೇಕಾದಾಗ ನೀರು ಬರುತ್ತದೆ, ಬೇಡವಾದಾಗ ಇಳಿಯುತ್ತದೆ. ಇದರಲ್ಲಿ ಗುಟ್ಟೇನಿಲ್ಲ. ಊರಿನ ಸಣ್ಣ ಮಕ್ಕಳಿಗೂ ಗೊತ್ತು, ದಂಡೆಯಲ್ಲಿ ಬೋರ್ಡುಗಳೂ ಇವೆ. ಆದರೂ ಒಂದು ಮೋಡವಿಲ್ಲದ ಮಧ್ಯಾಹ್ನ, ಎಲ್ಲೋ ದೂರದ ಊರುಗಳಲ್ಲಿ ಜನ ಸೆಖೆಗೆ ಫ್ಯಾನು ಹಾಕಿಕೊಂಡರು ಎಂಬ ಕಾರಣಕ್ಕೆ ಇಲ್ಲಿ ಬಂಡೆ ಮುಳುಗುವುದು ನನ್ನಂಥವನಿಗೆ ಇವತ್ತಿಗೂ ಒಗ್ಗದ ಸಂಗತಿ. ನೀರು ಏರುವ ಮೊದಲು ದಂಡೆಯ ತರಗೆಲೆಗಳು ಎದ್ದು ಸಾಲಾಗಿ ತೇಲಿ ಬರುತ್ತವೆ. ದಾಂಡೇಲಿಯ ಮಕ್ಕಳು ಕಲಿಯುವ ಪಾಠ ಅಲ್ಲಿಂದ ಶುರು. ಹೆಂಡತಿ ಹೇಳುವ ಹಾಗೆ, "ನೀರು ಹೇಳ್ದ ಕೇಳ್ದ ಬರ್ತೈತಿ. ನಾವೂ ಹೇಳ್ದ ಕೇಳ್ದ ಹೊರಗ ಬರಬೇಕು. ಎಲಿ ಕಂಡ್ವೋ, ಚಪ್ಪಲಿ ಬಿಟ್ಟು ಓಡು."

ಎರಡೂ ಸರಿಯಾದ ಪಾಠಗಳೇ. ಒಂದು ನಿಂತ ನೀರಿನದು, ಇನ್ನೊಂದು ಬಿಟ್ಟ ನೀರಿನದು. ಒಂದೇ ಮಗುವಿನ ತಲೆಯಲ್ಲಿ ಇವೆರಡೂ ಅಕ್ಕಪಕ್ಕ ಕುಳಿತಿವೆ ಎಂಬುದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ ಎಂದು ಹೇಳಬೇಕಾದರೆ ನಾವು ಜಗಳ ಆಡುವ ರೀತಿಯನ್ನು ಹೇಳಬೇಕು.

ಮಗಳು ಸಣ್ಣವಳಿದ್ದಾಗ ಒಂದು ಸಂಜೆ ಅವಳ ಊಟದ ವಿಷಯಕ್ಕೆ ನಮ್ಮಿಬ್ಬರ ದನಿ ಏರಿತ್ತು. ತಟ್ಟೆ ಖಾಲಿ ಮಾಡಿಯೇ ಏಳಬೇಕು ಎಂದು ನಾನು, ಹಸಿವಿದ್ದಷ್ಟು ಉಣ್ಣಲಿ ಎಂದು ಅವಳು. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ಮಗು ತಟ್ಟೆಯ ಮುಂದೆ ಇರಲಿಲ್ಲ. ಮಂಚದ ಕೆಳಗೆ, ಎರಡೂ ಕಿವಿಗೆ ಕೈ ಒತ್ತಿಕೊಂಡು, ಗೋಡೆಗೆ ಮುಖ ಮಾಡಿ ಕುಳಿತಿತ್ತು. ನಾವಿಬ್ಬರೂ ಹೆದರಿಹೋದೆವು. ಮಕ್ಕಳ ಎದುರು ಗಂಡ ಹೆಂಡತಿ ಜಗಳ ಆಡಬಾರದು ಎಂದು ಅವಳು ತನ್ನ ಟ್ರೇನಿಂಗಿನಲ್ಲಿ ಓದಿದ್ದಳು, ನಾನೂ ಎಲ್ಲೋ ಓದಿದ್ದೆ. ಅವತ್ತೇ ನಿಯಮ ಮಾಡಿಕೊಂಡೆವು: ಮಗಳ ವಿಷಯದ ಜಗಳ ಮಗಳ ಎದುರು ಬೇಡ. ದಾಂಡೇಲಿಯ ನಮ್ಮ ಬಾಡಿಗೆ ಮನೆಯ ಗೋಡೆಗಳಿಗೆ ಪಿಸುಮಾತೂ ಕೇಳಿಸುತ್ತಿತ್ತು. ಅದಕ್ಕಾಗಿ ಜಗಳ ಬಂದಾಗಲೆಲ್ಲ "ಪೆಟ್ರೋಲ್ ಹಾಕ್ಸಿ ಬರ್ತೇವಿ" ಎಂದು ಹೇಳಿ, ಮಗುವನ್ನು ನಮ್ಮ ಜೊತೆಗೇ ಇರುವ ಅತ್ತೆಯ ಹತ್ತಿರ ಬಿಟ್ಟು, ಸ್ಕೂಟರ್ ಹತ್ತಿ ಹೊರಡುತ್ತಿದ್ದೆವು.

ಹೆಲ್ಮೆಟ್ ಹಾಕಿಕೊಂಡು ಜಗಳ ಆಡುವುದರಲ್ಲಿ ಸುಖವಿದೆ. ಹಿಂದೆ ಕುಳಿತವರ ಮುಖ ಕಾಣುವುದಿಲ್ಲ, ಎದುರಿನ ಗಾಳಿಗೆ ಬೈಗುಳದ ಹರಿತ ಕಡಿಮೆಯಾಗುತ್ತದೆ, ಮುಂದೆ ಲಾರಿ ಬಂದರೆ ಇಬ್ಬರೂ ಒಟ್ಟಿಗೆ ಸುಮ್ಮನಾಗಲೇಬೇಕು. ಮನೆಗೆ ಮರಳುವಷ್ಟರಲ್ಲಿ ಸಿಟ್ಟು ಆರಿರುತ್ತಿತ್ತು. ಅತ್ತೆ ಬಾಗಿಲಲ್ಲೇ ಕೂತು ನಮ್ಮ ಮುಖ ನೋಡಿ ಕೇಳುತ್ತಿದ್ದರು, "ಏನ್ ಅಳಿಯಂದಿರ, ಪೆಟ್ರೋಲ್ ಹಾಕ್ಸಾಕ ಹೋಗಿ ಪೆಟ್ರೋಲೂ ಖಾಲಿ ಮಾಡ್ಕೊಂಡು ಬಂದ್ರಿ, ಮಾರಿನೂ ಖಾಲಿ ಮಾಡ್ಕೊಂಡು ಬಂದ್ರಿ?" ಮಗಳು ಏನೂ ಕೇಳುತ್ತಿರಲಿಲ್ಲ. ನಾವು ಅದನ್ನು ನಮ್ಮ ಗೆಲುವು ಅಂದುಕೊಂಡಿದ್ದೆವು.

ನದಿಯ ಜಗಳ ನಡೆದದ್ದು ಕುಳಗಿ ರಸ್ತೆಯಲ್ಲಿ. ಮಗಳು ನಾಲ್ಕನೆಯ ತರಗತಿಯಲ್ಲಿದ್ದಳು. ಅವಳಿಗೆ ಈಜು ಕಲಿಸುತ್ತೇನೆ ಎಂದು ಹೆಂಡತಿ, ಇನ್ನೂ ಎರಡು ವರ್ಷ ನೀರಿನ ಹತ್ತಿರ ಬೇಡ ಎಂದು ನಾನು. ರಸ್ತೆ ಪಕ್ಕ ತೇಗದ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿ ಇಬ್ಬರೂ ಜೋರಾಗಿಯೇ ಮಾತಾಡುತ್ತಿದ್ದೆವು.

"ನಿಮ್ಮ ಕೆರಿ ಅಂಜಿಕಿ ನನ್ನ ಮಗಳಿಗೆ ಹಚ್ಚಬ್ಯಾಡ್ರಿ."

"ಅಂಜಿಕಿ ಅಲ್ಲವ್ವಾ, ಬುದ್ಧಿ."

"ಹೌದ್ಹೌದು, ಬುದ್ಧಿ. ಬಕೆಟ್ನ್ಯಾಗ ಜಳಕಾ ಮಾಡೂಮುಂದೂ ದಂಡಿ ಹಿಡಕೊಂಡು ಕುಂದರ್ತೀರಿ."

"ನೀ ಮೀನಿನ ಹೊಟ್ಟಿಲೆ ಹುಟ್ಟಿ ಬಂದಿ. ಅಕಿ ನನ್ನ ಮಗಳೂ ಹೌದು."

ಅಷ್ಟರಲ್ಲಿ ಒಂದು ಕಾಡುಕೋಣ ರಸ್ತೆಗೆ ಬಂತು. ಬಿಳಿ ಕಾಲುಚೀಲ ಹಾಕಿದಂಥ ನಾಲ್ಕು ಕಾಲು, ಗುಡ್ಡದಂಥ ಮೈ. ನಮ್ಮನ್ನೇ ನೋಡುತ್ತ ನಿಂತಿತು. ನಾವು ಉಸಿರು ಹಿಡಿದು, ಒಬ್ಬರ ಕೈ ಒಬ್ಬರು ಹಿಡಿದು ನಿಂತೆವು. ಅದು ಆರಾಮಾಗಿ ಆಚೆ ದಾಟಿ ಬಿದಿರಿನೊಳಗೆ ಹೋದ ಮೇಲೆ ಇಬ್ಬರಿಗೂ ನಗು ಬಂತು. ಯಾವ ಮಾತಿನಲ್ಲಿ ನಿಲ್ಲಿಸಿದ್ದೆವು ಎಂಬುದು ನೆನಪಾಗಲಿಲ್ಲ. ಮನೆಗೆ ಬಂದೆವು. ಈ ಜಗಳದಲ್ಲಿ ನಾನು ಗೆದ್ದೆ ಅಂದುಕೊಂಡೆ ನಾನು. ಅವಳೂ ತಾನೇ ಗೆದ್ದೆ ಅಂದುಕೊಂಡಳು. ಆಮೇಲೆ ನಾನು ನನ್ನ ಸರದಿಯಲ್ಲಿ, ಮಗಳನ್ನು ಶಾಲೆಗೆ ಬಿಡುವಾಗ, ನನ್ನ ಪಾಠ ಹೇಳಿಕೊಟ್ಟೆ. ಹೆಂಡತಿ ಮಗಳ ತಲೆ ಬಾಚುವಾಗ ತನ್ನ ಪಾಠ ಹೇಳಿಕೊಟ್ಟಳು. ಮಗಳು ಇಬ್ಬರಿಗೂ "ಹೂಂ" ಅಂದಳು.

ಮೇ ತಿಂಗಳ ಒಂದು ಭಾನುವಾರ ಕಾಳಿ ದಂಡೆಯ ಮೌಳಂಗಿಗೆ ಹೋದೆವು. ಅತ್ತೆ ಮೊಣಕಾಲು ನೋವೆಂದು ಬರಲಿಲ್ಲ. ಚುರಮರಿ, ಬುತ್ತಿ ರೊಟ್ಟಿ, ಶೇಂಗಾ ಚಟ್ನಿ, ಎರಡು ಮಾವಿನಕಾಯಿ, ಉಪ್ಪುಖಾರದ ಪೊಟ್ಟಣ. ನದಿ ಅಷ್ಟು ಇಳಿದಿತ್ತು, ಕಲ್ಲಿನಿಂದ ಕಲ್ಲಿಗೆ ಹಾರುತ್ತ ನಡುವಿನ ತನಕ ಹೋಗಬಹುದಿತ್ತು. ಕಲ್ಲುಗಳ ನಡುವಿನ ನೀರು ಪಾದ ಮುಳುಗಿಸುವಷ್ಟೂ ಇರಲಿಲ್ಲ, ಸಣ್ಣ ಮೀನುಗಳು ಅದರಲ್ಲಿ ಹೊಟ್ಟೆ ತಿರುವಿ ಹೊಳೆಯುತ್ತಿದ್ದವು. ದಂಡೆಯಿಂದ ಸ್ವಲ್ಪ ದೂರದಲ್ಲಿ ಒಂದು ಚಪ್ಪಟೆ ಬಂಡೆ. ಅಲ್ಲಿಯವರೆಗೆ ಹೋಗಲಿ ಎಂದು ಇಬ್ಬರೂ ಒಪ್ಪಿದೆವು. ಹಾಗೆ ಇಬ್ಬರೂ ಒಂದೇ ಮಾತಿಗೆ ಬಂದದ್ದು ನನಗೆ ಖುಷಿ ಕೊಟ್ಟಿತ್ತು ಎಂಬುದೂ ನೆನಪಿದೆ. ಮಗಳು ಹೋಗಿ ಬಂಡೆಯ ಮೇಲೆ ಕೂತಳು. ಗುಲಾಬಿ ಚಪ್ಪಲಿ ಬಿಚ್ಚಿ ಪಕ್ಕದಲ್ಲಿ ಜೋಡಿಸಿಟ್ಟಳು, ಮನೆಯ ಹೊಸ್ತಿಲಲ್ಲಿ ಬಿಡುವ ಹಾಗೆ.

ಹೆಂಡತಿ ಮಾವಿನಕಾಯಿ ಹೆಚ್ಚುತ್ತಿದ್ದಳು. ನಾನು ಮಗಳನ್ನೇ ನೋಡುತ್ತಿದ್ದೆ. ಇದನ್ನು ನಾನು ಮತ್ತೆ ಮತ್ತೆ ಹೇಳಿಕೊಳ್ಳುತ್ತೇನೆ: ನಾನು ಬೇರೆ ಕಡೆ ನೋಡುತ್ತಿರಲಿಲ್ಲ, ಫೋನು ಜೇಬಿನಲ್ಲಿತ್ತು. ನೋಡುತ್ತಿದ್ದೂ ನನಗೆ ಕಾಣಲಿಲ್ಲ, ಯಾಕೆಂದರೆ ನಾನು ನೋಡುತ್ತಿದ್ದುದು ಮಗಳನ್ನು. ಹೆಂಡತಿ ನೋಡಿದ್ದು ನೀರನ್ನು.

ಚಾಕು ಕೆಳಗೆ ಬಿದ್ದ ಸದ್ದು ಕೇಳಿತು. ಅವಳು ಎದ್ದು ನಿಂತಿದ್ದಳು. ಮೇಲಿನ ತಿರುವಿನಿಂದ ತರಗೆಲೆಗಳು ಬರುತ್ತಿದ್ದವು. ದೊಡ್ಡ ತೇಗದೆಲೆಗಳು, ಒಂದರ ಹಿಂದೊಂದು, ಯಾವ ಗಡಿಬಿಡಿಯೂ ಇಲ್ಲದೆ.

"ಬಾ! ಹೊರಗ ಬಾ! ಓಡು!"

ಮಗಳು ಎದ್ದಳು. ಆಗ ನನ್ನ ಕಣ್ಣು ನಮ್ಮಿಬ್ಬರ ನಡುವಿನ ಕಲ್ಲುಗಳ ಮೇಲೆ ಹೋಯಿತು. ಅವಳು ಹಾರಿ ಹೋಗಿದ್ದ ಕಲ್ಲುಗಳಲ್ಲಿ ಒಂದು ಆಗಲೇ ಇರಲಿಲ್ಲ. ಸಂದಿಗಳಲ್ಲಿ ನೀರು ದಪ್ಪವಾಗಿ, ಬಣ್ಣ ಬದಲಿಸಿ ನುಗ್ಗುತ್ತಿತ್ತು. ಈಜು ಬಾರದ ನನ್ನ ಮಗಳು ಅದರೊಳಗೆ ಕಾಲಿಡುವುದನ್ನು ಊಹಿಸಿಕೊಂಡ ಕೂಡಲೇ ನನ್ನ ಬಾಯಿಂದ ನಮ್ಮೂರಿನ ಕೆರೆ ಮಾತಾಡಿತು.

"ನಿಲ್ಲು! ಅಲ್ಲೇ ನಿಲ್ಲು! ಅಲುಗಬ್ಯಾಡ, ನಾ ಬರ್ತೇನಿ!"

ಮುಂದಿಟ್ಟ ಕಾಲನ್ನು ಮಗಳು ಹಿಂದಕ್ಕೆ ತೆಗೆದುಕೊಂಡಳು.

"ಬಾ ಅಂದ್ನೆಲ್ಲಾ! ಬಾ!"

"ನಿಲ್ಲು!"

ಆಗ ಅವಳು ನೋಡಿದಳು. ನನ್ನನ್ನು. ಅವರವ್ವನನ್ನು. ನನ್ನನ್ನು. ಅಳುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಪರೀಕ್ಷೆಯಲ್ಲಿ ಎರಡು ಉತ್ತರವೂ ಸರಿ ಅನ್ನಿಸಿದಾಗ ಹುಬ್ಬು ಗಂಟು ಹಾಕುತ್ತಾಳಲ್ಲ, ಹಾಗೆ ಹುಬ್ಬು ಗಂಟು ಹಾಕಿದ್ದಳು. ನಮ್ಮ ಮಾತು ಮೀರದ ಮಗು. ಅವ್ವ ಓಡು ಅಂದದ್ದಕ್ಕೆ ಕಾಲು ಮುಂದೆ, ಅಪ್ಪ ನಿಲ್ಲು ಅಂದದ್ದಕ್ಕೆ ಕಾಲು ಹಿಂದೆ. ಅಷ್ಟರಲ್ಲಿ ಇನ್ನೊಂದು ಕಲ್ಲು ಹೋಯಿತು.

ನನ್ನ ಬಾಯಿ ಮತ್ತೆ ತೆರೆದಿತ್ತು. ಹೆಂಡತಿ ಪಕ್ಕಕ್ಕೆ ತಿರುಗಿ ಅಂಗೈಯನ್ನು ನನ್ನ ಬಾಯಿಗೆ ಒತ್ತಿದಳು. ಹಲ್ಲಿಗೆ ಹಲ್ಲು ತಾಗಿತು. ಅವಳ ಕೈಯೆಲ್ಲ ಉಪ್ಪುಖಾರ, ತುಟಿ ಭಗ್ ಎಂದು ಉರಿಯಿತು. ನನ್ನ ಬಾಯಿ ಹಿಡಿದುಕೊಂಡೇ ಅವಳು ಮೈದಾನದಲ್ಲಿ ಕರೆಯುವ ದನಿಯಲ್ಲಿ, ಆದರೆ ಈ ಸಲ ನಿಧಾನವಾಗಿ ಅಂದಳು, "ನನ್ನ ಮಾರಿ ನೋಡು. ನನ್ನಷ್ಟ ನೋಡು. ಬಾ."

ಮಗಳು ನೀರಿಗೆ ಇಳಿದಳು. ಮೊಣಕಾಲು, ತೊಡೆ. ಕೈ ಅಗಲಿಸಿಕೊಂಡು ಬಂದಳು. ಹೆಂಡತಿ ನನ್ನನ್ನು ಬಿಟ್ಟು ಎದುರಿಗೆ ನುಗ್ಗಿದಳು, ನಾನು ಅವಳ ಹಿಂದೆ ಇಳಿದು ಅವಳ ಓಢಣಿಯನ್ನೂ ತೋಳನ್ನೂ ಹಿಡಿದೆ. ಕೊನೆಯ ಸಂದಿಯಲ್ಲಿ ಮಗಳ ಕಾಲು ಜಾರಿತು. ತಲೆ ಒಳಗೆ ಹೋಯಿತು, ಎರಡು ಜಡೆಗಳು ಮಾತ್ರ ಮೇಲೆ ತೇಲಿದವು. ಆ ಹೊತ್ತು ಎಷ್ಟು ಉದ್ದವಿತ್ತೋ ನನಗೆ ಗೊತ್ತಿಲ್ಲ. ಹೆಂಡತಿಯ ಕೈ ಒಂದು ಜಡೆಗೆ ಸಿಕ್ಕಿತು. ಎಳೆದಳು. ನಾನು ಅವಳನ್ನು ಎಳೆದೆ. ಮೂವರೂ ದಂಡೆಯ ಕಲ್ಲಿನ ಮೇಲೆ ಬಿದ್ದೆವು.

ಮಗಳು ಕೆಮ್ಮಿ ಕೆಮ್ಮಿ ನೀರು ಕಾರಿದಳು, ಆಮೇಲೆ ನದಿಯ ಕಡೆ ಕೈ ತೋರಿದಳು. ಚಪ್ಪಟೆ ಬಂಡೆಯ ಮೇಲೆ ನೀರು ಹರಡುತ್ತಿತ್ತು. ಜೋಡಿಸಿಟ್ಟ ಗುಲಾಬಿ ಚಪ್ಪಲಿಗಳು ಒಟ್ಟಿಗೇ ಎದ್ದವು, ಸ್ವಲ್ಪ ದೂರ ಜೊತೆಯಾಗಿ ಹೋದವು, ಆಮೇಲೆ ಒಂದು ಆಚೆಗೆ, ಇನ್ನೊಂದು ಈಚೆಗೆ.

ಅವತ್ತಿನಿಂದ ನಾನು ಆ ದಂಡೆಯಿಂದ ಮನೆಗೆ ಬಂದೇ ಇಲ್ಲ. ಅಂಗಡಿಯಲ್ಲಿ ಗೋವಿನಜೋಳದ ಬೀಜದ ಚೀಲ ಇಳಿಸುವಾಗ, ಹಳಿಯಾಳದ ಬಸ್ಸಿನ ಕಿಟಕಿಯಲ್ಲಿ, ಊಟದ ನಡುವೆ, ಅದು ಕಣ್ಣ ಮುಂದೆ ಮತ್ತೆ ಶುರುವಾಗುತ್ತದೆ. ಒಂದು ಸಲ ನಾನು ಸುಮ್ಮನಿರುತ್ತೇನೆ. ಮಗಳು ಮೊದಲ ಕೂಗಿಗೇ ಓಡಿ, ಪಾದ ಒದ್ದೆಯಾಗುವುದರೊಳಗೆ ಬಂದುಬಿಡುತ್ತಾಳೆ. ಇನ್ನೊಂದು ಸಲ ಹೆಂಡತಿ ಸುಮ್ಮನಿರುತ್ತಾಳೆ, ಮಗಳು ನಿಂತಲ್ಲೇ ನಿಲ್ಲುತ್ತಾಳೆ, ನಾನು ಅವಳ ಕಡೆ ಹೋಗುತ್ತಿದ್ದೇನೆ, ಹೋಗುತ್ತಲೇ ಇದ್ದೇನೆ, ಮುಟ್ಟುವುದಿಲ್ಲ. ಮೂರನೆಯದರಲ್ಲಿ ಇಬ್ಬರೂ ಕೂಗುತ್ತಲೇ ಇರುತ್ತೇವೆ. ಅದನ್ನು ನಾನು ಕೊನೆಯ ತನಕ ನೋಡುವುದಿಲ್ಲ. ಎದ್ದು ಹೋಗಿ ಮುಖ ತೊಳೆಯುತ್ತೇನೆ.

ಹೆಂಡತಿ ಒಮ್ಮೆಯೂ "ನಾ ಹೇಳಿರ್ಲಿಲ್ಲಾ?" ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೇನೋ. ನಾಲ್ಕಾರು ದಿನದ ಮೇಲೆ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಅಂದಳು, "ನಾ ಬಾ ಅಂದಾಗ ಆ ಸಂದ್ಯಾಗಿನ ನೀರು ನಾ ನೋಡಿರ್ಲಿಲ್ರಿ. ಎಲಿ ನೋಡಿದ್ದೆ ಅಷ್ಟ. ಇನ್ನೊಂಚೂರು ಜೋರಿದ್ದಿದ್ರ, ನಾ ಕರದದ್ದಕ್ಕನ ಅಕಿ..." ಅವಳೂ ದಂಡೆಯಲ್ಲೇ ಇದ್ದಾಳೆ ಎಂದು ನನಗೆ ಆಗ ತಿಳಿಯಿತು, ಬೇರೆ ಕಲ್ಲಿನ ಮೇಲೆ.

ಅದೇ ವಾರ ಮಗಳು ಅಜ್ಜಿಯ ಮುಂದೆ ಕೂತು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಳು. ನಾನು ಒಳಗೆ ಅಂಗಿ ಇಸ್ತ್ರಿ ಮಾಡುತ್ತಿದ್ದೆ.

"ಅಜ್ಜಿ, ಇನ್ನೊಮ್ಮೆ ಹಂಗಾದ್ರ ನಾ ಯಾರ ಮಾತು ಕೇಳ್ಲಿ?"

"ನಿಮ್ಮಪ್ಪ ನಿಮ್ಮವ್ವ ಪೆಟ್ರೋಲ್ ಬಂಕಿಗೆ ಹೋಗಿ ಏನು ಠರಾವ್ ಮಾಡ್ಕೊಂಡು ಬರ್ತಾರೋ, ಅದನ್ನ ಕೇಳು."

"ಅವ್ರು ಪೆಟ್ರೋಲಿಗೆ ಹೋಗೂದಿಲ್ಲಜ್ಜಿ. ಜಗಳಾ ಮಾಡಾಕ ಹೋಗ್ತಾರ."

"ಹೌದಾ? ನಿಂಗ ಯಾರು ಹೇಳಿದ್ರು?"

"ಬಂದ್ಮ್ಯಾಲೆ ಇಬ್ರೂ ನಂಗ ಬ್ಯಾರೆ ಬ್ಯಾರೆ ಹೇಳ್ತಾರಲ್ಲ."

ಅಜ್ಜಿ ನಕ್ಕರು. ನಾನು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಹಿಡಿದು ನಿಂತೇ ಇದ್ದೆ.

ಶಾಲೆ ಶುರುವಾಗುವ ಮುಂಚೆ ಹೊಸ ಬೂಟು ಕೊಳ್ಳಲು ಮೂವರೂ ಹಳಿಯಾಳಕ್ಕೆ ಹೋದೆವು. ಪೇಟೆಯಲ್ಲಿ ಹೆಂಡತಿ ಮೊದಲು ರಸ್ತೆ ದಾಟಿ, ಆಚೆಯಿಂದ ಮಗಳಿಗೆ "ಬಾ" ಎಂದು ಕೈ ಮಾಡಿದಳು. ಮಗಳು ಹೊರಟಳು. ಅರ್ಧ ರಸ್ತೆಯಲ್ಲಿ ನಿಂತು ಹಿಂದೆ ತಿರುಗಿ ನನ್ನ ಮುಖ ನೋಡಿದಳು. ನಾನು ಏನೂ ಹೇಳಿರಲಿಲ್ಲ. ಹೇಳದೇ ಇದ್ದುದೇ ಅವಳಿಗೆ ಸಾಲದಾಯಿತು. ಒಂದು ಬೈಕು ಕಿರ್ರೆಂದು ಬ್ರೇಕ್ ಹಾಕಿ ಅವಳ ಮೊಣಕೈ ಹತ್ತಿರ ನಿಂತಿತು.

"ಏ ಮಾಮಾ! ಕೂಸಿನ ಕೈ ಹಿಡಕೊಳ್ರಿ, ಮಾರಿ ಏನ್ ನೋಡ್ಕೋತ ನಿಂತೀರಿ!" ಎಂದು ಬೈಕಿನವನು ಒದರಿದ.

ಹೆಂಡತಿ ಆ ಕಡೆಯಿಂದ, ನಾನು ಈ ಕಡೆಯಿಂದ ಓಡಿ ಬಂದು ಒಂದೊಂದು ಕೈ ಹಿಡಿದೆವು. ಆಮೇಲೂ ಯಾವ ಕಡೆಗೆ ಹೋಗುವುದು ಎಂದು ಒಂದು ಕ್ಷಣ ಇಬ್ಬರಿಗೂ ಗೊತ್ತಾಗಲಿಲ್ಲ. ನದಿಯಿಂದ ನಾವು ಅವಳನ್ನು ಪೂರ್ತಿ ಹೊರಗೆ ತಂದಿರಲಿಲ್ಲ. ಇನ್ನೊಂದು ರಸ್ತೆ ಬರುತ್ತದೆ, ಇನ್ನೊಂದು ಬಂಡೆ ಬರುತ್ತದೆ, ಅಲ್ಲೂ ಈ ಹುಡುಗಿ ನಡುವೆ ನಿಂತು ಎರಡು ಮುಖಗಳನ್ನು ಹೋಲಿಸಿ ನೋಡುತ್ತಾಳೆ. ಎದುರಿಗೆ ಬರುವುದು ಯಾವಾಗಲೂ ಬ್ರೇಕ್ ಇರುವ ಬೈಕೇ ಆಗಿರಬೇಕೆಂದಿಲ್ಲ.

ಮನೆಗೆ ಬಂದ ಕೂಡಲೇ ನನ್ನ ಕೈ ಅಭ್ಯಾಸಬಲದಿಂದ ಮೊಳೆಯಲ್ಲಿ ನೇತುಹಾಕಿದ್ದ ಹೆಲ್ಮೆಟ್ ಕಡೆ ಹೋಯಿತು.

"ಬ್ಯಾಡ್ರಿ," ಅಂದಳು ಹೆಂಡತಿ. "ಇಲ್ಲೇ ಮಾತಾಡೂಣು."

"ಇಲ್ಲಿ?"

"ಇಲ್ಲೇ. ಅಕಿ ಮುಂದ."

ಅತ್ತೆ ಸೆರಗು ಸರಿ ಮಾಡಿಕೊಂಡು ಗೋಡೆಗೆ ಒರಗಿ ಕೂತರು, ಬಯಲಾಟಕ್ಕೆ ಜಾಗ ಹಿಡಿದವರ ಹಾಗೆ. ಮಗಳ ಮುಂದೆ ಬಿಡಿಸಬೇಕಾದ ಶೇಂಗಾದ ಮೊರ. ನಾನು ಗಂಟಲು ಸರಿ ಮಾಡಿಕೊಂಡೆ. ಹೆಲ್ಮೆಟ್ ಇಲ್ಲದೆ, ಮುಖ ನೋಡುತ್ತ ಜಗಳ ಆಡುವುದು ಮರೆತೇ ಹೋಗಿತ್ತು. ಮೊದಮೊದಲು ನಾವು ಟೀವಿಯಲ್ಲಿ ಚರ್ಚೆಗೆ ಕೂತವರಂತೆ ಬಹಳ ಮರ್ಯಾದೆಯಿಂದ ಮಾತಾಡಿದೆವು. ಆಮೇಲೆ ಎಂದಿನ ದನಿ ಬಂತು.

"ಹೊಳಿ ದಂಡಿಗೆ ಹುಟ್ಟಿದವ್ರಿಗೆಲ್ಲಾ ಹೊಳಿ ಗೊತ್ತಿರ್ತೈತಿ ಅಂದ್ರ, ಹೊಳ್ಯಾಗ ಯಾರೂ ಸಾಯ್ತಿರ್ಲಿಲ್ಲ," ಅಂದೆ.

"ಅದಕ್ಕ ಹೇಳ್ತೇನಿ ಈಜು ಕಲೀಲಿ ಅಂತ. ಕಲ್ತಿದ್ರ ಅವತ್ತ ಅಕಿ ನಿಮ್ಮ ಮಾರಿನೂ ನೋಡ್ತಿರ್ಲಿಲ್ಲ, ನನ್ನ ಮಾರಿನೂ ನೋಡ್ತಿರ್ಲಿಲ್ಲ."

"ಕಲ್ತಿದ್ರ ಇನ್ನೂ ಮುಂದಿನ ಕಲ್ಲಿಗೆ ಹೋಗಿರ್ತಿದ್ಲು!"

"ನಿಮ್ಮ ಕೆರಿ ಪಾಠ ಹೊಳಿಗೆ ನಡ್ಯಾಂಗಿಲ್ರಿ!"

"ನಿನ್ನ ಹೊಳಿ ಪಾಠ ಕೆಸರಿಗೂ ನಡ್ಯಾಂಗಿಲ್ಲ! ಶಾಲಿ ಸೂಟಿಗೆ ನಮ್ಮೂರಿಗೆ ಹೋದಾಗ ಅಕಿ ಕೆರಿ ದಂಡ್ಯಾಗ ಸಿಕ್ಕು ಓಡಾಕ ನೋಡಿದ್ರ? ಸೊಂಟದ ತನಕಾ ಇಳೀತಾಳ, ಗೊತ್ತೈತೇನು ನಿಂಗ?"

ಹೆಂಡತಿಗೆ ಅದು ಗೊತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಕೆರೆಯ ಕೆಸರಿನ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ, "ನೀರಿನ ಹತ್ತಿರ ಬೇಡ" ಎಂದು ಮಾತ್ರ ಹೇಳಿದ್ದೆ. ಅವಳೂ ನನಗೆ ತರಗೆಲೆಯ ಮಾತು ಹೇಳಿದ್ದು ಆ ಭಾನುವಾರದ ನಂತರವೇ.

ನಾನು ಮಂಚದ ಕೆಳಗೆ ನೋಡಿದೆ. ಗೊತ್ತಿಲ್ಲದೆ ಕಣ್ಣು ಅಲ್ಲಿಗೆ ಹೋಗಿತ್ತು. ಮಗಳು ಅಲ್ಲಿರಲಿಲ್ಲ, ಮೊರದ ಮುಂದೆಯೇ ಇದ್ದಳು. ಕಿವಿ ಮುಚ್ಚಿಕೊಂಡಿರಲಿಲ್ಲ. ಶೇಂಗಾ ಬಿಡಿಸುವುದನ್ನು ನಿಲ್ಲಿಸಿ, ಒಬ್ಬರಾದ ಮೇಲೆ ಒಬ್ಬರನ್ನು ನೋಡುತ್ತಿದ್ದಳು. ಆದರೆ ಅದು ಬಂಡೆಯ ಮೇಲಿನ ನೋಟವಲ್ಲ, ಕೇಳಿಸಿಕೊಳ್ಳುವವರ ನೋಟ.

"ಅಪ್ಪಾ, ಕೆಸರಿನ್ಯಾಗ ನಿಲ್ಲಬೇಕು, ಹೊಳ್ಯಾಗ ಓಡಬೇಕು. ಹಂಗಂದ್ರ ಇಬ್ರೂ ಹೇಳೂದು ಖರೇ ಐತೇನು?"

"ಐತಿ," ಅಂದೆ.

"ಮತ್ತ ಅವತ್ತ ಇಬ್ರೂ ಯಾಕ ಒದರಿದ್ರಿ? ಒಬ್ರು ಒದರಬೇಕಿತ್ತು."

"ಯಾರು?" ಎಂದು ಹೆಂಡತಿ ಕೇಳಿದಳು. ಅವಳ ದನಿಯಲ್ಲಿ ನನ್ನದೇ ಅಂಜಿಕೆ ಇತ್ತು.

ಮಗಳು ಯೋಚಿಸಿದಳು. "ಹೊಳ್ಯಾಗ ನೀ. ಕೆರ್ಯಾಗ ಅಪ್ಪ. ರಸ್ತೇದಾಗ... ಕೈ ಹಿಡದವ್ರು." ಆಮೇಲೆ ಕೆಳಗೆ ನೋಡಿ ಒಂದು ಶೇಂಗಾ ಒಡೆದಳು. "ಇನ್ನೊಬ್ರು ತಾವಾ ಬಾಯಿ ಮುಚ್ಕೋಬೇಕು. ಅವ್ವಾ, ನೀ ಮುಚ್ಚಬಾರದು. ನೀ ಅಪ್ಪನ ಬಾಯಿ ಮುಚ್ಚಿದ್ಯಲ್ಲಾ, ಅವಾಗ ನಂಗ ಭಾಳ ಅಂಜಿಕಿ ಆತು. ನೀರಿಗಿಂತಾ."

ಅತ್ತೆ ಕೂಡ ನಗಲಿಲ್ಲ. ಹೆಂಡತಿ ನನ್ನ ತುಟಿಯನ್ನು ನೋಡಿದಳು, ಖಾರದ ಉರಿ ಇನ್ನೂ ಅಲ್ಲಿದೆಯೋ ಎನ್ನುವಂತೆ.

ಎಲ್ಲ ಅಲ್ಲಿಗೆ ಮುಗಿಯಲಿಲ್ಲ. ಈಜಿನ ಮಾತು ಮತ್ತೆರಡು ಸಂಜೆ ನಡೆಯಿತು, ಮಗಳ ಎದುರಿಗೇ. ಒಂದು ಸಂಜೆ ಅವಳು ಬೇಸತ್ತು, "ನೀವು ಪೆಟ್ರೋಲ್ ಹಾಕ್ಸಾಕ ಹೋಗ್ರಿ" ಎಂದೂ ಅಂದಳು. ಕೊನೆಗೆ ನಾನು ಒಪ್ಪಿದೆ. ಒಪ್ಪಿದ್ದು ಧೈರ್ಯದಿಂದಲ್ಲ. ಈಜು ಬಾರದೆ ಬಂಡೆಯ ಮೇಲೆ ನಿಂತ ಮಗಳನ್ನು ನಾನು ಒಮ್ಮೆ ನೋಡಿದ್ದೇನೆ, ಅಷ್ಟೇ. ನನ್ನದೂ ಒಂದು ಷರತ್ತು ಇತ್ತು: ದಂಡೆಯ ಅಂಚಿನಲ್ಲಿ, ಸೊಂಟದ ಮೇಲೆ ನೀರು ಬಾರದ ಕಡೆ, ನಾನು ಅಲ್ಲಿ ಇರುವಾಗ ಮಾತ್ರ. ಹೆಂಡತಿ ಒಪ್ಪಿದಳು.

ಮಳೆ ಹಿಡಿಯುವ ಮುಂಚೆ ಮತ್ತೆ ಮೌಳಂಗಿಗೆ ಹೋದೆವು. ಚಪ್ಪಟೆ ಬಂಡೆ ಮೊದಲಿನಂತೆ ಒಣಗಿ ಬಿಸಿಲು ಕಾಯುತ್ತ ಮಲಗಿತ್ತು, ಏನೂ ಆಗಿಲ್ಲ ಎನ್ನುವ ಹಾಗೆ. ಮಗಳು ದಂಡೆಯ ಹತ್ತಿರವೇ ಇಳಿದಳು. ಹೆಂಡತಿ ನೀರಿನ ಅಂಚಿನಲ್ಲಿ, ನಾನು ಅವಳ ಹಿಂದೆ. ಇವತ್ತು ನಾನು ಮಗಳನ್ನು ನೋಡುತ್ತಿರಲಿಲ್ಲ. ಮೇಲಿನ ತಿರುವನ್ನೇ ನೋಡುತ್ತಿದ್ದೆ.

ಮೊದಲ ಎಲೆ ನನಗೇ ಕಂಡಿತು. ಒಂದು. ಅದು ಗಾಳಿಗೆ ಬಿದ್ದದ್ದೂ ಇರಬಹುದು. ಆಮೇಲೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಎದೆಯಿಂದ ಎದ್ದ ಕೂಗು ಗಂಟಲಿಗೆ ಬಂತು. ಅದು ಬಾ ಎಂದಿತ್ತೋ ನಿಲ್ಲು ಎಂದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೈಯೆತ್ತಿ ನನ್ನ ಬಾಯಿ ನಾನೇ ಮುಚ್ಚಿಕೊಂಡೆ. ಇನ್ನೊಂದು ಕೈಯಿಂದ ಹೆಂಡತಿಯ ಮೊಣಕೈ ಮುಟ್ಟಿದೆ.

"ನೋಡೇನಿ," ಅಂದಳು ಅವಳು, ತಿರುಗದೆ. ಮಗಳ ಹತ್ತಿರದ ನೀರನ್ನು ನೋಡಿದಳು, ಕಾಲಿಡುವ ಜಾಗ ನೋಡಿದಳು. ಅವತ್ತು ನೋಡದೇ ಇದ್ದುದನ್ನೆಲ್ಲ ನೋಡುತ್ತಿದ್ದಳು. ಬೇಗ, ಬೇಗ ಎಂದು ನನ್ನ ಅಂಗೈಯೊಳಗೆ ಉಸಿರು ಬಡಿದುಕೊಳ್ಳುತ್ತಿತ್ತು.

"ಬಾ," ಅಂದಳು.

ಮಗಳು ಎದ್ದಳು, ನೀರು ಒದೆಯುತ್ತ ಬಂದಳು, ದಂಡೆ ಹತ್ತಿ ಟವೆಲ್ ಹುಡುಕತೊಡಗಿದಳು. ನನ್ನ ಮುಖ ನೋಡಲಿಲ್ಲ. ಒಂದು ಸಲವೂ ನೋಡಲಿಲ್ಲ.

ಬಾಯಿಯ ಮೇಲಿನ ಕೈಯನ್ನು ಇಳಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.